ಮುಟ್ಟಿದರೆ ಮಾತ್ರ ಹಿಡಿಯುವ ಬಲ

ಥರ್ಮಕೋಲ್ ಕೊಯ್ಯುವವನ ಕೈಗೆ ಬಿಳಿ ಕಾಳು ಅಂಟಿಕೊಳ್ಳುತ್ತದೆ. ಕೊಡವಿದರೆ ಹೋಗದು, ಊದಿದರೆ ಹೋಗದು. ಈ ಕೈಯಿಂದ ಒರೆಸಿದರೆ ಆ ಕೈಗೆ ಹಾರಿ ಕೂರುತ್ತದೆ. ಕುರುಬರಹಳ್ಳಿಯ ಮಹದೇವ್ ಇಪ್ಪತ್ತಾರು ವರ್ಷ ಇದನ್ನು ಥರ್ಮಕೋಲಿನ ಹುಟ್ಟುಗುಣ ಎಂದುಕೊಂಡು, ಅದನ್ನು ಬೈದುಕೊಂಡು, ಅನ್ನಕ್ಕೆ ಕೂರುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಬದುಕಿದ್ದ. ಹಾಗಲ್ಲ ಎಂದು ಅವನಿಗೆ ಹೇಳಿದವಳು ಹತ್ತನೇ ಕ್ಲಾಸಿನಲ್ಲಿದ್ದ ಮಗಳು ಅನು.

"ಅದರ ಗುಣ ಅಲ್ಲಪ್ಪ. ನೀನು ಉಜ್ಜಿದಾಗ ಎಲೆಕ್ಟ್ರಾನ್‌ಗಳು ಅಲ್ಲಿಂದ ಇಲ್ಲಿಗೆ ಬರ್ತವೆ. ಒಂದು ಕಡೆ ಮೈನಸ್ ಜಾಸ್ತಿ ಆಗತ್ತೆ, ಇನ್ನೊಂದು ಕಡೆ ಪ್ಲಸ್ ಮಿಕ್ಕತ್ತೆ. ಪ್ಲಸ್ಸು ಮೈನಸ್ಸು ಒಂದನ್ನೊಂದು ಎಳೀತವೆ. ಅಷ್ಟೇ."

"ಅಂದ್ರೆ ನನ್ ಕೈಯಲ್ಲೇ ಕರೆಂಟಿದೆ ಅನ್ನು."

"ಎಲ್ಲಾದ್ರಲ್ಲೂ ಇದೆ. ಈ ಕಾಳಲ್ಲಿ, ನಿನ್ ಮೂಗಲ್ಲಿ, ಅಜ್ಜಿ ಎಲೆ ಅಡಿಕೆ ಚೀಲದಲ್ಲಿ."

"ನನ್ ಚೀಲದ ಸುದ್ದಿಗೆ ಬರಬೇಡ ಕಣೇ," ಎಂದು ಒಳಗಿನಿಂದ ಪಟಾಲಮ್ಮ ಕೂಗಿದರು. ಮಹದೇವನ ತಾಯಿ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಕಿವಿಗೆ ಮಾತ್ರ ಏನೂ ಆಗಿಲ್ಲ.

ಮೊದಲು ಮಹದೇವ್ ಛತ್ರಗಳಿಗೆ ಅಕ್ಷರ ಕೊಯ್ಯುತ್ತಿದ್ದ. ರಾಜಾಜಿನಗರದಿಂದ ವಿಜಯನಗರದವರೆಗೆ ಯಾವ ಮದುವೆ ಮಂಟಪದ ಹಿಂದೆ ನೋಡಿದರೂ ಹೆಣ್ಣುಗಂಡಿನ ಹೆಸರು ಅವನ ಕೈಯದೇ. ಬಿಳಿ ಅಕ್ಷರ, ಅಂಚಿಗೆ ಮಿನುಗು ಪುಡಿ. ಆಮೇಲೆ ಫ್ಲೆಕ್ಸ್ ಬಂತು, ಹೂವಿನ ಗೋಡೆ ಬಂತು, ಉರಿಯುವ ದೀಪದ ಹೆಸರು ಬಂತು. ಅಕ್ಷರ ಕೇಳುವವರು ನಿಂತರು. ಮಕ್ಕಳ ಸ್ಕೂಲ್ ಪ್ರಾಜೆಕ್ಟ್ ಕೇಳುವವರು ಬಂದರು. ಜ್ವಾಲಾಮುಖಿ, ಹೃದಯ, ಚಂದ್ರಯಾನ, ಮಳೆನೀರು ಕೊಯ್ಲು, ಪರಮಾಣು. ಮಗುವಿಗೆ ಹೋಂವರ್ಕು, ಅಪ್ಪ ಅಮ್ಮನಿಗೆ ತಲೆನೋವು, ಮಹದೇವನಿಗೆ ಅನ್ನ. ಟೀಚರುಗಳಿಗೆ ಗೊತ್ತಿಲ್ಲವೇ? ಗೊತ್ತು. ಹತ್ತು ವರ್ಷದ ಮಗುವಿನ ಕೈ ಅಂಥ ಗೆರೆ ಎಳೆಯುವುದಿಲ್ಲ ಎಂದು ಕುರುಡರಿಗೂ ಗೊತ್ತಾಗುತ್ತದೆ. ಆದರೆ ಎಲ್ಲರೂ ಮಾಡುವ ತಪ್ಪನ್ನು ತಪ್ಪು ಎನ್ನಲು ಒಬ್ಬರಾದರೂ ಹೊರಗೆ ನಿಂತಿರಬೇಕು, ಯಾರೂ ಹೊರಗಿರಲಿಲ್ಲ.

ಈ ಕಸುಬಿಗೂ ಒಂದು ನಿಯತ್ತು ಇತ್ತು. ಒಂದು ಸ್ಕೂಲಿಗೆ ಒಂದು ಮಾದರಿ ಒಂದೇ ಸಲ. ಒಂದೇ ಕ್ಲಾಸಿನಲ್ಲಿ ಎರಡು ಮಕ್ಕಳು ಒಂದೇ ಅಚ್ಚಿನ ಹೃದಯ ಹಿಡಿದು ಬಂದರೆ ಇಬ್ಬರ ಮಾನವೂ ಹೋಗುತ್ತದೆ, ಅಂಗಡಿಯ ಮಾನವೂ ಹೋಗುತ್ತದೆ. ಹಾಗಾಗಿ ಯಾರು ಬಂದರೂ ಮಹದೇವ್ ಮೊದಲು ಕೇಳುತ್ತಿದ್ದ ಮಾತು, "ಯಾವ ಸ್ಕೂಲು?" ಕೇಳಿ, ನೆನಪಿನಲ್ಲಿ ತಡಕಿ, ಆಮೇಲೆ ಒಪ್ಪಿಕೊಳ್ಳುತ್ತಿದ್ದ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಸಂಜೆ ಅನು ಶಾಲೆಯಿಂದ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಅಪ್ಪ ಕೊಯ್ಯುತ್ತಿದ್ದಷ್ಟು ಹೊತ್ತು ಅವತ್ತಿನ ಪಾಠ ಹೇಳುತ್ತಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅದೇ ಸ್ಕೂಲು. ಅವನು ಮಾಡಿ ಮಾರಿದ ಹೃದಯದಲ್ಲಿ ನಾಲ್ಕು ಕೋಣೆ ಯಾಕಿದೆ ಎಂದು ಅವನಿಗೆ ತಿಳಿದದ್ದು ಅವಳಿಂದ. ಹೆಂಡತಿ ಶಿಲ್ಪಾ ಗಾರ್ಮೆಂಟ್ಸಿನಿಂದ ಬರುವವರೆಗೆ, ಕುಕ್ಕರ್ ಕೂಗುವವರೆಗೆ, ಆ ಒಂದು ಗಂಟೆ ಅವನದು. ಅದಕ್ಕಿಂತ ಒಳ್ಳೆಯದು ದಿನದಲ್ಲಿ ಬೇರೆ ಇರಲಿಲ್ಲ.

ಹಾಗೆ ಒಂದು ಸಂಜೆ ಅವನೊಂದು ಪರಮಾಣು ಮಾಡುತ್ತಿದ್ದ. ನಡುವೆ ಕೆಂಪು ಉಂಡೆ, ನೀಲಿ ಉಂಡೆ ಒಟ್ಟಿಗೆ ಗೋಂದು ಹಾಕಿ ಅಂಟಿಸಿದ ಗೊಂಚಲು. ಸುತ್ತ ತಂತಿಯ ಬಳೆ, ಬಳೆಯ ಮೇಲೆ ಹಳದಿ ಮಣಿ.

"ಕೆಂಪು ಯಾವುದು?" ಎಂದು ಕೇಳಿದ, ಗೊತ್ತಿದ್ದೂ.

"ಪ್ರೋಟಾನು. ಪ್ಲಸ್ಸು. ನೀಲಿ ನ್ಯೂಟ್ರಾನು, ಅದಕ್ಕೇನೂ ಇಲ್ಲ. ಹಳದಿ ಎಲೆಕ್ಟ್ರಾನು, ಮೈನಸ್ಸು. ನಡುವಿನ ಪ್ಲಸ್ಸು ಎಳೀತಿರತ್ತೆ, ಅದಕ್ಕೇ ಹಳದಿ ಬಿಟ್ಟು ಹೋಗಲ್ಲ."

ಮಹದೇವನ ಕೈ ನಿಂತಿತು. "ಪ್ಲಸ್ಸು ಪ್ಲಸ್ಸು ತಳ್ತವೆ ಅಂದಿದ್ದೆ ನೀನು."

"ಹೂಂ."

"ಮತ್ತೆ ಇಷ್ಟೂ ಕೆಂಪುಗಳು ಒಂದೇ ಕಡೆ ಹೆಂಗೆ ಕೂತವೆ? ನಾನಾದ್ರೆ ಗೋಂದು ಹಾಕ್ತೀನಿ. ದೇವರು ಏನ್ ಹಾಕಿದಾನೆ?"

ಅನು ಆ ಗೊಂಚಲನ್ನು ತಿರುಗಿಸಿ ನೋಡಿದಳು. "ನಾಳೆ ಹೇಳ್ತೀನಿ."

ನಾಳೆ ಹೇಳಲಿಲ್ಲ. ವಾರವಿಡೀ ಹೇಳಲಿಲ್ಲ. ಜಲಜಾ ಮಿಸ್ಸನ್ನು ಕೇಳಿದಳು. ಅವಳಿಗೆ ವಿಜ್ಞಾನ ಹೇಳುವವರು ಅವರೇ. ಬಸವೇಶ್ವರನಗರದ ಲೈಬ್ರರಿಯಲ್ಲಿ ಎರಡು ಶನಿವಾರ ಕೂತು ಬಂದಳು. ಆಮೇಲೊಂದು ಸಂಜೆ ತನ್ನ ಹಳೇ ಸ್ಕೂಲ್ ಶೂ ತಂದು, ಅದರ ವೆಲ್ಕ್ರೋ ಪಟ್ಟಿಯನ್ನು ಚರ್ ಎಂದು ಕಿತ್ತಳು.

"ಇದು," ಎಂದಳು.

"ಏನಿದು, ದೇವರು ಶೂ ಪಟ್ಟಿ ಹಾಕಿದಾನಾ?"

"ಕೇಳಪ್ಪ. ದೂರ ಇದ್ರೆ ಪಟ್ಟಿ ಏನೂ ಮಾಡಲ್ಲ, ಇರೋದೇ ಗೊತ್ತಾಗಲ್ಲ. ಮುಟ್ಟಿದ್ರೆ ಮಾತ್ರ ಹಿಡ್ಕೊಳತ್ತೆ. ಒಳಗೆ ಅಂಥ ಒಂದು ಬಲ ಇದೆ. ತಳ್ಳೋ ಬಲಕ್ಕಿಂತ ಭಾಳ ಜೋರು, ಆದ್ರೆ ಮುಟ್ಟೋವಷ್ಟು ಹತ್ರ ಬಂದ್ರೆ ಮಾತ್ರ. ನಮ್ಮಜ್ಜಿ ಥರ. ಪಟಾಲಮ್ಮಜ್ಜಿಗೆ ಎರಡು ಮಾರು ಆಚೆ ನಿಂತ್ರೆ ನಾವು ಇದೀವಿ ಅಂತಾನೇ ಗೊತ್ತಿಲ್ಲ. ಕೈಗೆ ಸಿಕ್ಕಿದ್ವೋ, ಮಗ್ಗಿ ಕೇಳಿ ಮುಗಿಸೋವರೆಗೂ ಬಿಡಲ್ಲ."

"ನಿನ್ ನಾಲಿಗೆ ಸುಡ," ಎಂದರು ಪಟಾಲಮ್ಮ, ನಗುತ್ತಾ.

ಅನು ಅದನ್ನು ಮಾಡಿಯೇ ತೋರಿಸಬೇಕೆಂದು ಹಟ ಹಿಡಿದಳು. ನಾಯಂಡಹಳ್ಳಿಯ ಗುಜರಿ ಗೋಡೌನಿನಲ್ಲಿ ಒಡೆದ ಸ್ಪೀಕರುಗಳ ಬಳೆ ಆಯಸ್ಕಾಂತ ಸಿಕ್ಕವು. ಎರಡು ಉಂಡೆ ಕೊರೆದು, ಒಂದನ್ನೊಂದು ತಳ್ಳುವ ಹಾಗೆ ಎದುರುಬದುರು ಕೂರಿಸಿದಳು. ಮುಖಕ್ಕೆ ಶೂ ಪಟ್ಟಿಯ ತುಂಡು ಅಂಟಿಸಿದಳು. ಎರಡನ್ನೂ ಪರದೆ ಸರಳಿಗೆ ಪೋಣಿಸಿದಳು. ಒಂದು ಉಂಡೆಯನ್ನು ಇನ್ನೊಂದರ ಕಡೆ ನೂಕಿದರೆ ಅದು ಹಿಂದೆ ಸರಿಯುತ್ತದೆ. ಹತ್ತಿರ ಹೋದಷ್ಟೂ ಹಟ ಜಾಸ್ತಿ. ಬಿಡದೆ ಒತ್ತಿದರೆ ಕೊನೆಯ ಕೂದಲೆಳೆಯಲ್ಲಿ ಚರ್ ಎಂದು ಹಿಡಿದುಕೊಂಡು ನಿಂತುಬಿಡುತ್ತದೆ. ಮೊದಲ ಸಲ ಅದು ನಿಂತಾಗ ಮಹದೇವನಿಗೆ ಮೈ ಜುಂ ಎಂದಿತು.

ಬಸವೇಶ್ವರನಗರದ ಒಂದು ಹೊಸ ಪಿಯು ಕಾಲೇಜಿನವರು ಜನವರಿಯಲ್ಲಿ ಹತ್ತನೇ ಕ್ಲಾಸಿನವರಿಗೆ ವಿಜ್ಞಾನ ಪ್ರದರ್ಶನ ಇಟ್ಟಿದ್ದರು. ಮೊದಲ ಬಹುಮಾನ ಬಂದವರಿಗೆ ಎರಡು ವರ್ಷ ವಿಜ್ಞಾನದ ಸೀಟು ಉಚಿತ. ಆ ಕಾಲೇಜಿನಲ್ಲಿ ನಿಜವಾದ ಲ್ಯಾಬ್ ಇತ್ತು. ಅನು ಕಿಟಕಿಯಲ್ಲಿ ಇಣುಕಿ ನೋಡಿ ಬಂದಿದ್ದಳು. ಮನೆಯ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಇದ್ದದ್ದು ಕಲೆ ಮತ್ತು ಕಾಮರ್ಸ್. "ಇದೊಂದು ಗೆದ್ರೆ ಸಾಕಪ್ಪ," ಎಂದಿದ್ದಳು. ಅದರ ಜೊತೆಗೇ ಒಂದು ಷರತ್ತು: "ನೀನು ಇದನ್ನ ಮುಟ್ಟಬೇಡ. ಕ್ಲಾಸಲ್ಲಿ ಏನೇ ಮಾಡ್ಕೊಂಡು ಹೋದ್ರೂ 'ಇವಳಿಗೇನಮ್ಮ, ಅಪ್ಪನೇ ಫ್ಯಾಕ್ಟರಿ' ಅಂತಾರೆ. ಇದು ನಂದೇ ಆಗಿರಬೇಕು."

ಮಹದೇವ್ ಮುಟ್ಟಲಿಲ್ಲ. ಆದರೆ ಒಬ್ಬ ಕಸುಬುದಾರನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮಗಳು ಈಳಿಗೆಮಣೆಯಲ್ಲಿ ಥರ್ಮಕೋಲ್ ಕೊಯ್ದಿದ್ದಳು. ಉಂಡೆ ಉಂಡೆಯಾಗಿರಲಿಲ್ಲ, ಆಲೂಗಡ್ಡೆಯಾಗಿತ್ತು. ಬಣ್ಣ ಸೋರಿತ್ತು. ಸರಳು ಓರೆಯಾಗಿ, ಹತ್ತು ಸಲಕ್ಕೆ ಮೂರು ಸಲ ಉಂಡೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಎರಡು ಕಡೆ ಎಮರಿ ಪೇಪರ್ ಎಳೆದರೆ ಸರಿಹೋಗುವ ಕೆಲಸ. ಅವನು ಕೈಕಟ್ಟಿಕೊಂಡು ನೋಡುತ್ತಿದ್ದ. ಬೆರಳು ಚಡಪಡಿಸುತ್ತಿದ್ದವು. ರಸ್ತೆಯಲ್ಲಿ ನಡೆಯುವಾಗ, ಬಸ್ಸಿನಲ್ಲಿ ನಿಂತಾಗ, ಮನಸ್ಸಿನಲ್ಲೇ ಆ ಮಾದರಿಯನ್ನು ತಾನಾದರೆ ಹೇಗೆ ಮಾಡುತ್ತಿದ್ದೆ ಎಂದು ಮಾಡಿ, ಬಿಚ್ಚಿ, ಮತ್ತೆ ಮಾಡುತ್ತಿದ್ದ.

ಪ್ರದರ್ಶನಕ್ಕೆ ಮೂರು ದಿನ ಇದೆ ಎನ್ನುವಾಗ ಮಾಲವಿಕಾ ಎಂಬಾಕೆ ಅಂಗಡಿಗೆ ಬಂದರು. ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನವರು; ಮಗ ಅನಿಕೇತ್‌ಗೆ ಪರಮಾಣು ಹೇಳಿಟ್ಟು ಹೋಗಿದ್ದರು. ಮಹದೇವ್ ಸಿದ್ಧವಾಗಿದ್ದನ್ನು ಮುಂದಿಟ್ಟ. ಬಳೆ ತಿರುಗುತ್ತಿತ್ತು, ಮಣಿ ಹೊಳೆಯುತ್ತಿತ್ತು.

"ಇದೇನಾ?" ಎಂದರು ಮಾಲವಿಕಾ. "ಇದು ಎಲ್ಲರ ಹತ್ರನೂ ಇರತ್ತೆ ಅಣ್ಣ. ಲಾಸ್ಟ್ ಇಯರ್ ಮೂರು ಜನ ಇದೇ ತಂದಿದ್ರು. ಏನಾದ್ರೂ ಡಿಫರೆಂಟ್ ಆಗಿ ಬೇಕು."

"ಪರಮಾಣು ಅಂದ್ರೆ ಇಷ್ಟೇ ಮೇಡಂ. ಎರಡು ಕೊಂಬು ಹಾಕಕ್ಕಾಗತ್ತಾ?"

"ತಮಾಷೆ ಬೇಡ. ನಿಮಗೆ ಐಡಿಯಾ ಬರಲ್ಲ ಅಂದ್ರೆ ಹೇಳಿಬಿಡಿ, ಬೇಜಾರಿಲ್ಲ. ನೀವು ಅಕ್ಷರ ಕಟ್ ಮಾಡೋರು ಅಂತ ಮೊದಲೇ ಯಾರೋ ಹೇಳಿದ್ರು. ರಾಜಾಜಿನಗರದಲ್ಲಿ ಇನ್ನೊಬ್ರು ಇದಾರಂತೆ."

ಅನು ಆಗ ಸ್ಪೆಷಲ್ ಕ್ಲಾಸಿನಲ್ಲಿದ್ದಳು. ಮಹದೇವನಿಗೆ ದುಡ್ಡಿನ ಆಸೆ ಹುಟ್ಟಿತು ಎಂದರೆ ಸುಳ್ಳಾಗುತ್ತದೆ. ಹುಟ್ಟಿದ್ದು ಕೈಯ ತೀಟೆ. ಮೂರು ವಾರದಿಂದ ತಲೆಯೊಳಗೆ ಸಾವಿರ ಸಲ ಮಾಡಿ ಮುಗಿಸಿದ್ದ ವಸ್ತು, ಹೊರಗೆ ಬರಲು ಬಾಗಿಲು ಬಡಿಯುತ್ತಿತ್ತು. ಮೇಲಾಗಿ, ದೇವರು ಏನು ಹಾಕಿದ್ದಾನೆ ಎಂಬ ಪ್ರಶ್ನೆ ತನ್ನದೇ ಅಲ್ಲವೇ? ಮನುಷ್ಯ ತಪ್ಪು ಮಾಡುವ ಮುಂಚೆ ತನಗೇ ಲಾಯರಾಗುತ್ತಾನೆ. ಅವನೂ ಆದ.

"ಯಾವ ಸ್ಕೂಲು?" ಎಂದು ಇನ್ನೊಮ್ಮೆ ಕೇಳಿದ.

ಆಕೆ ಹೇಳಿದರು. ಕೆಂಗೇರಿ ಕಡೆಯ ದೊಡ್ಡ ಇಂಗ್ಲಿಷ್ ಸ್ಕೂಲು. ಸಿಲಬಸ್ ಬೇರೆ, ಪರೀಕ್ಷೆ ಬೇರೆ, ಯೂನಿಫಾರ್ಮಿಗೆ ಟೈ ಬೇರೆ. ಅನುವಿನ ಶಾಲೆಯ ನೆರಳೂ ಅಲ್ಲಿ ಬೀಳುವುದಿಲ್ಲ. ನಿಯತ್ತು ಉಳಿಯಿತು ಎಂದುಕೊಂಡ. ಕೇಳಬೇಕಾಗಿದ್ದದ್ದು ಯಾವ ಸ್ಕೂಲು ಎಂದಲ್ಲ, ಯಾವ ಪ್ರದರ್ಶನ ಎಂದು. ಅದು ಅವನಿಗೆ ಹೊಳೆಯಲಿಲ್ಲ. ಇಷ್ಟು ವರ್ಷ ಒಂದೇ ಬೀಗ ಹಾಕಿ ಅಭ್ಯಾಸವಾದವನು ಇನ್ನೊಂದು ಬಾಗಿಲಿದೆ ಎಂದೇ ನೋಡುವುದಿಲ್ಲ.

"ನಾಡಿದ್ದು ಮಧ್ಯಾಹ್ನ ಬನ್ನಿ ಮೇಡಂ," ಎಂದ. "ನೀವು ಕಂಡಿರಬಾರದು, ಅಂಥದು ಕೊಡ್ತೀನಿ."

ಎರಡು ದಿನ, ಅನು ಶಾಲೆಯಲ್ಲಿದ್ದ ಹೊತ್ತಿನಲ್ಲಿ, ಮಾಡಿದ. ಕನ್ನಡಿಯಂಥ ಅಕ್ರಿಲಿಕ್ ಹಳಿ. ನಿಂಬೆಹಣ್ಣಿನ ಹಾಗೆ ಗುಂಡಗಿನ ಉಂಡೆ. ಹಿಡಿದುಕೊಂಡ ಕೂಡಲೇ ಹೊತ್ತಿಕೊಳ್ಳುವ ಹಸಿರು ದೀಪ. ನೂರು ಸಲ ನೂಕಿ ನೋಡಿದ. ನೂರು ಸಲವೂ ತಪ್ಪಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವನ ಕೈಯಿಂದ ಅಷ್ಟು ಚೆಂದದ ವಸ್ತು ಬಂದಿರಲಿಲ್ಲ.

ಮಾದರಿಯ ಜೊತೆ, ಮಗು ಏನು ಹೇಳಬೇಕು ಎಂಬುದನ್ನೂ ಕೊಡುವುದು ಈ ಕಸುಬಿನ ಪದ್ಧತಿ. ಮಹದೇವ್ ಮಾಲವಿಕಾ ಅವರ ಫೋನಿಗೆ ನಾಲ್ಕು ನಿಮಿಷದ ಮಾತು ರೆಕಾರ್ಡ್ ಮಾಡಿ ಕಳಿಸಿದ. ಅನು ಹೇಳಿದ್ದನ್ನು ಅನು ಹೇಳಿದ ಹಾಗೇ ಹೇಳಿದ. ಬೇರೆ ಥರ ಹೇಳಲು ಅವನಿಗೆ ಬರುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟ. ಅವಳ ತೊಡೆಯ ಮೇಲೆ ಸೀರೆ ಅಂಗಡಿಯ ರಟ್ಟಿನ ಡಬ್ಬ. ಗುಂಡಿ ಬಂದಾಗಲೆಲ್ಲ, "ಅಪ್ಪ, ನಿಧಾನ ಕಣಪ್ಪ, ನ್ಯೂಕ್ಲಿಯಸ್ ಒಡೆದೋಗತ್ತೆ," ಎನ್ನುತ್ತಿದ್ದಳು.

ಕಾಲೇಜಿನ ಸಭಾಂಗಣದಲ್ಲಿ ಸಾಲಾಗಿ ಮೇಜು. ತಂದೆತಾಯಿಗಳು ಹಗ್ಗದ ಆಚೆ. ಅನುವಿನದು ಮೂವತ್ತೊಂದನೇ ಮೇಜು. ಹದಿನಾಲ್ಕನೆಯ ಮೇಜಿನ ಮೇಲೆ ಹಸಿರು ದೀಪ ಹೊತ್ತಿದ್ದನ್ನು ಮಹದೇವ್ ನೋಡಿದ. ಒಂದು ಕ್ಷಣ ಅದು ಚೆನ್ನಾಗಿ ಹೊತ್ತಿತು ಎಂದು ಸಂತೋಷವಾಯಿತು. ಆಮೇಲೆ ಅದು ಎಲ್ಲಿ ಹೊತ್ತಿತು ಎಂದು ಹೊಳೆಯಿತು.

ಪಕ್ಕದಲ್ಲಿ ನಿಂತಿದ್ದ ಜಲಜಾ ಮಿಸ್ಸನ್ನು ಕೇಳಿದ, "ಮಿಸ್, ಇಲ್ಲಿ ಎಲ್ಲಾ ಸಿಲಬಸ್ಸಿನವರೂ ಬರಬಹುದಾ?"

"ಕಾಲೇಜಿಗೆ ಅಡ್ಮಿಷನ್ ಬೇಕಲ್ವಾ ಮಹದೇವಪ್ಪ. ಯಾರು ಬಂದ್ರೂ ಬಾ ಅಂತಾರೆ," ಎಂದು ಅವರು ತಮ್ಮ ಇನ್ನೊಬ್ಬ ವಿದ್ಯಾರ್ಥಿಯ ಮೇಜಿನ ಕಡೆ, ಸಭಾಂಗಣದ ಆ ತುದಿಗೆ ಹೋದರು.

ತೀರ್ಪುಗಾರರು ಇಬ್ಬರು. ಜಗನ್ನಾಥ ಎಂಬ ನಿವೃತ್ತ ಮೇಷ್ಟ್ರು, ಬಿಳಿ ಅಂಗಿ, ಜೇಬಿಗೆ ಎರಡು ಪೆನ್ನು. ಆ ಕಾಲೇಜಿನ ಎಳೆಯ ಉಪನ್ಯಾಸಕಿ ರಾಗಿಣಿ. ಹದಿನಾಲ್ಕನೇ ಮೇಜಿನ ಮುಂದೆ ಅವರು ನಿಂತಾಗ ಸುತ್ತ ಮಕ್ಕಳು ಸೇರಿದರು. ಅನು ಕೂಡ ಬಂದು ಇಣುಕಿದಳು. ಅನಿಕೇತ್ ತೆಳ್ಳಗಿನ ಹುಡುಗ. ಉಂಡೆ ನೂಕಿದ, ದೀಪ ಹೊತ್ತಿತು, ಎಲ್ಲರೂ ಹೋ ಎಂದರು. ಅಮ್ಮ ಇಂಗ್ಲಿಷಿಗೆ ತಿರುಗಿಸಿಕೊಟ್ಟದ್ದನ್ನು ಉಸಿರು ಬಿಡದೆ ಒಪ್ಪಿಸಿದ. ಆ ಇಂಗ್ಲಿಷಿನ ನಡುವೆ, ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ, ಒಂದು ಹೆಸರು ಕೇಳಿಸಿತು: "...ಜಸ್ಟ್ ಲೈಕ್ ಅವರ್ ಪಟಾಲಮ್ಮ ಅಜ್ಜಿ."

ಜಗನ್ನಾಥ ಮೇಷ್ಟ್ರು ನಕ್ಕರು. "ಭೇಷ್! ನಮ್ಮ ಮನೆ ಉದಾಹರಣೆ ಕೊಡ್ತಾನೆ ನೋಡಿ ಮೇಡಂ. ಯಾರಪ್ಪ ಅದು ಪಟಾಲಮ್ಮ, ನಿಮ್ಮಜ್ಜಿನಾ?"

ಹುಡುಗ ಅಮ್ಮನ ಕಡೆ ನೋಡಿ, "ಎಸ್ ಸರ್," ಎಂದ.

ಅನು ತಿರುಗಿದಳು. ಹಗ್ಗದ ಆಚೆ ನಿಂತಿದ್ದ ನೂರು ಜನರಲ್ಲಿ ನೇರವಾಗಿ ಅಪ್ಪನನ್ನೇ ನೋಡಿದಳು. ಅವಳ ಮುಖದಲ್ಲಿ ಕೋಪ ಇದ್ದಿದ್ದರೆ ಮಹದೇವ್ ತಡೆದುಕೊಳ್ಳುತ್ತಿದ್ದ. ಇದ್ದದ್ದು ಲೆಕ್ಕ ಬಿಡಿಸಿ ಉತ್ತರ ಸಿಕ್ಕವರ ಮುಖ.

ಮೂವತ್ತೊಂದನೇ ಮೇಜಿಗೆ ಬಂದಾಗ ಜಗನ್ನಾಥ ಮೇಷ್ಟ್ರು ಡಬ್ಬದ ಒಳಗೆ ಬಗ್ಗಿ ನೋಡಿ ಕನ್ನಡಕ ತೆಗೆದರು. "ಇದೇನಮ್ಮ? ಅದನ್ನೇ ನೋಡಿಬಿಟ್ಟು ಬಂದ್ವಲ್ಲ ಈಗ. ಅದರ ಬಡ ಸಂಬಂಧಿನಾ ಇದು?"

ಸುತ್ತಲಿನವರು ನಕ್ಕರು. ಅನು ಉಂಡೆಯನ್ನು ನೂಕಿದಳು. ಓರೆ ಸರಳಿನಲ್ಲಿ ಅದು ಸಿಕ್ಕಿಹಾಕಿಕೊಂಡಿತು. ಇನ್ನೊಮ್ಮೆ ನೂಕಿದಳು.

"ಯಾರು ಹೇಳ್ಕೊಟ್ಟಿದ್ದು? ಆ ಹುಡುಗನ ಫ್ರೆಂಡಾ ನೀನು?"

"ಅಲ್ಲ ಸಾರ್."

"ಮತ್ತೆ ಇಬ್ಬರಿಗೂ ಒಂದೇ ಅಂಗಡಿಯವನು ಮಾಡ್ಕೊಟ್ಟಿದಾನೆ. ಅಲ್ವಾ?"

ಮಹದೇವ್ ಹಗ್ಗ ದಾಟಿದ. ಬಾಯಿ ಬಿಡದೆ ನಿಂತಿದ್ದರೆ ಮಗಳು ಕಳ್ಳಿ. ಬಾಯಿ ಬಿಟ್ಟರೆ ತಾನು ಕಳ್ಳ. ಎರಡನೆಯದೇ ಹಗುರ ಎಂದು ಅವನಿಗೆ ಅನಿಸಿತು.

"ಸಾರ್, ಆ ಹುಡುಗಂದು ನಾನು ಮಾಡಿದ್ದು. ನಾನೇ ಆ ಅಂಗಡಿಯವನು. ಆದ್ರೆ ಐಡಿಯಾ ನನ್ ಮಗಳದು. ಇದು ಪೂರ್ತಿ ಅವಳದೇ. ನಾನು ಮುಟ್ಟಿಲ್ಲ."

ಮೇಷ್ಟ್ರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಕೆಟ್ಟ ಮನುಷ್ಯರೇನಲ್ಲ. ಮೂವತ್ತು ವರ್ಷ ಕೊಂಡು ತಂದ ಮಾದರಿಗಳಿಗೆ ಅಂಕ ಹಾಕಿ ಹಾಕಿ ರೋಸಿಹೋಗಿದ್ದರು. ಇವತ್ತು ಅಂಗಡಿಯವನೇ ಕೈಗೆ ಸಿಕ್ಕಿದ್ದ. "ಅಂದ್ರೆ ನೀವು ಮಾಡೆಲ್ ಮಾಡಿ ಮಾರೋರು. ಈ ಹುಡುಗಿ ನಿಮ್ಮ ಮಗಳು. ಬೇರೆಯವರ ಮಕ್ಕಳಿಗೆ ಮಾಡ್ಕೊಟ್ರಿ, ಸ್ವಂತ ಮಗಳಿಗೆ ಮಾತ್ರ ಮಾಡ್ಕೊಡಲಿಲ್ಲ. ಇದನ್ನ ನಾನು ನಂಬಬೇಕು."

"ನೋಡಿದ್ರೆ ಗೊತ್ತಾಗಲ್ವಾ ಸಾರ್?" ಮಹದೇವ್ ಉಂಡೆಯನ್ನು ಕೈಗೆತ್ತಿಕೊಂಡು ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿದ. "ಈ ಅಂಚು ನೋಡಿ, ಇಲಿ ಕಡಿದಂಗಿದೆ. ಬಣ್ಣ ಸೋರಿದೆ. ಸರಳು ಓರೆ. ನನ್ ಕೈಯಲ್ಲಿ ಇಷ್ಟು ಕೆಟ್ಟದಾಗಿ ಬರಕ್ಕೆ ಸಾಧ್ಯನೇ ಇಲ್ಲ ಸಾರ್. ನಿದ್ದೆಗಣ್ಣಲ್ಲಿ ಮಾಡಿದ್ರೂ ಬರಲ್ಲ."

ಅದು ನಿಜ. ಮಗಳನ್ನು ಉಳಿಸಲು ಅವನ ಬಳಿ ಇದ್ದ ಸಾಕ್ಷಿ ಅದೊಂದೇ, ಅವಳ ಕೆಲಸ ಎಷ್ಟು ಕೆಟ್ಟದಾಗಿದೆ ಎಂಬುದು. ಹೇಳಿ ಮುಗಿಸಿದ ಮೇಲೆ ಅನುವಿನ ಮುಖ ನೋಡಿದ. ಅವಳು ಮೇಜಿನ ಬಟ್ಟೆಯನ್ನು ನೋಡುತ್ತಿದ್ದಳು.

ರಾಗಿಣಿ ಮುಂದೆ ಬಂದರು. "ಸರ್, ಒಂದು ಪ್ರಶ್ನೆ ಕೇಳೋಣ. ಗೊತ್ತಾಗಿಬಿಡತ್ತೆ." ಅನಿಕೇತ್‌ನನ್ನೂ ಹತ್ತಿರ ಕರೆದರು. "ಹಿಡಿಯೋ ಬಲ ಅಷ್ಟು ಜೋರಾಗಿದ್ರೆ, ತುಂಬಾ ದೊಡ್ಡ ಪರಮಾಣುಗಳು ಯಾಕೆ ತಾವಾಗೇ ಒಡೆದುಹೋಗ್ತವೆ?"

ಅನಿಕೇತ್ ಅಮ್ಮನನ್ನು ನೋಡಿದ. ಮಾಲವಿಕಾ ಮಹದೇವನನ್ನು ನೋಡಿದರು. ನಾಲ್ಕು ನಿಮಿಷದ ಮಾತಿನಲ್ಲಿ ಇದು ಇರಲಿಲ್ಲ, ಮಹದೇವನಿಗೇ ಗೊತ್ತಿರಲಿಲ್ಲ.

ಅನು ತಲೆ ಎತ್ತಿದಳು. ಅವಳಿಗೆ ಉತ್ತರ ಗೊತ್ತಿತ್ತು. "ಮಿಸ್, ಅದು..."

"ಬೇಡ ಬೇಡ ಬೇಡ," ಎಂದು ಜಗನ್ನಾಥ ಮೇಷ್ಟ್ರು ಕೈ ಅಡ್ಡ ಹಿಡಿದರು. "ಒಬ್ಬರಿಗೊಂದು ನ್ಯಾಯ ಬೇಡ ಮೇಡಂ. ಇನ್ನೂ ಇಪ್ಪತ್ತು ಮೇಜಿದೆ. ಹೊರಗಿನವರ ಕೈ ಇದ್ರೆ ಅನರ್ಹ ಅಂತ ರೂಲ್ಸಲ್ಲಿ ಬರೆದಿದೀವಿ. ಅಪ್ಪನೇ ಬಂದು ಒಪ್ಕೊಂಡಿದಾರೆ. ಎರಡೂ ತೆಗೀರಿ."

"ಸರ್, ಆದರೂ..."

"ತೆಗೀರಿ."

ಎರಡು ಮೇಜಿನ ಚೀಟಿಗಳ ಮೇಲೆ ಕೆಂಪು ಪೆನ್ನಿನ ಗೆರೆ ಬಿತ್ತು. ಮಾಲವಿಕಾ ಮಹದೇವನ ಹತ್ತಿರ ಬಂದು, ಹಲ್ಲು ಕಚ್ಚಿ, ಯಾರಿಗೂ ಕೇಳದ ದನಿಯಲ್ಲಿ ಹೇಳಿದರು: "ನಂಬಿ ಬಂದಿದ್ದಕ್ಕೆ ಒಳ್ಳೆ ಮರ್ಯಾದೆ ಮಾಡಿದ್ರಿ ಅಣ್ಣ. ನಿಮ್ಮ ಮಗಳಿಗೆ ಬೇಕು ಅಂದಿದ್ರೆ ಅವತ್ತೇ ಹೇಳಬಹುದಿತ್ತಲ್ಲ? ಬೇರೆ ಯಾವುದೋ ಕೇಳ್ತಿದ್ದೆ ನಾನು." ಆಕೆ ಹೇಳಿದ್ದು ನ್ಯಾಯವೇ ಆಗಿತ್ತು.

ಮಧ್ಯಾಹ್ನ ಬಹುಮಾನ ಹೇಳಿದರು. ಅನು ಹೊರಡೋಣ ಎನ್ನಲಿಲ್ಲ. ಕೊನೆಯ ಸಾಲಿನ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿದಳು. ಮೊದಲ ಬಹುಮಾನ ಅಭಿನವ್ ಎಂಬ ವಿಜಯನಗರದ ಹುಡುಗನಿಗೆ, ಮಳೆನೀರು ಕೊಯ್ಲಿನ ಮಾದರಿಗೆ. ವೇದಿಕೆಯ ಮೇಲೆ ಅದನ್ನು ಎತ್ತಿ ತೋರಿಸಿದರು. ಪುಟ್ಟ ಮನೆ, ಮಂಗಳೂರು ಹೆಂಚಿನ ಮಾಡು, ಹೆಂಚಿನ ಒಂದೊಂದು ಸಾಲಿಗೂ ಒಂದೇ ಅಳತೆಯ ಬಾಗು. "ಸ್ವಂತ ಪರಿಶ್ರಮ ಅಂದ್ರೆ ಹೀಗಿರಬೇಕು," ಎಂದರು ಜಗನ್ನಾಥ ಮೇಷ್ಟ್ರು ಮೈಕಿನಲ್ಲಿ.

ಚಪ್ಪಾಳೆ ಬಿತ್ತು. ಅನು ಆ ಮಾಡನ್ನು ಬಹಳ ಹೊತ್ತು ನೋಡಿದಳು. ಅಂಗಡಿಯ ಮೆಟ್ಟಿಲ ಮೇಲೆ ಬೆಳೆದ ಹುಡುಗಿ. ಬಿಸಿ ತಂತಿಯಲ್ಲಿ ಥರ್ಮಕೋಲ್ ಕೊಯ್ದು ಅಂಥ ಬಾಗು ತೆಗೆಯುವ ಕೈ ಈ ಭಾಗದಲ್ಲಿ ಒಂದೇ ಎಂದು ಅವಳಿಗೆ ಗೊತ್ತಿತ್ತು.

"ಅದೂ ನಿಂದೇನಾ?" ಎಂದಳು.

ಮಹದೇವ್ ತಲೆ ಆಡಿಸಿದ. ದೀಪಾವಳಿ ಮುಗಿದ ಮರುವಾರ ಮಾಡಿಕೊಟ್ಟದ್ದು. ಹುಡುಗನ ಅಪ್ಪನಿಗೆ "ಯಾವ ಸ್ಕೂಲು" ಎಂದು ಕೇಳಿಯೇ ಕೊಟ್ಟದ್ದು.

"ಹೋಗಿ ಹೇಳಲಾ?" ಎಂದ.

"ಏನು ಹೇಳ್ತೀಯ? ಅದು ತುಂಬಾ ಚೆನ್ನಾಗಿದೆ, ಅದಕ್ಕೇ ನಂದು ಅಂತಾನಾ?"

ಅವನು ಹೇಳಲು ಹೋಗಲಿಲ್ಲ. ಇನ್ನೊಂದು ಮಗುವಿನ ಕೈಯಿಂದ ಕಸಿದರೆ ಅದು ಅನುವಿನ ಕೈಗೆ ಬರುವುದಿಲ್ಲ. ಅಷ್ಟು ಲೋಕಜ್ಞಾನ ಅವನಿಗಿತ್ತು. ತಡವಾಗಿ ಬರುವ ಲೋಕಜ್ಞಾನಕ್ಕೆ ಬೆಲೆ ಕಡಿಮೆ.

ಸ್ಕೂಟರ್ ತರಲು ಹೋಗಿ ಬಂದಾಗ ಅನು ಕಾಲೇಜಿನ ಹೊರಮೆಟ್ಟಿಲ ಮೇಲೆ ಕೂತಿದ್ದಳು. ಎರಡು ಮೆಟ್ಟಿಲು ಕೆಳಗೆ ಅನಿಕೇತ್, ಟೈ ಬಿಚ್ಚಿ ಕೈಗೆ ಸುತ್ತಿಕೊಂಡು. ಅಮ್ಮ ಕಾರಿನ ಹತ್ತಿರ ಫೋನಿನಲ್ಲಿದ್ದರು.

"ಸಾರಿ," ಎನ್ನುತ್ತಿದ್ದ ಹುಡುಗ. "ನಂಗೆ ಗೊತ್ತಿರಲಿಲ್ಲ, ನಿಂದು ಅಂತ. ಪ್ರಾಮಿಸ್."

"ಪಟಾಲಮ್ಮ ನಿಮ್ಮಜ್ಜಿನಾ?"

"ನಮ್ಮಜ್ಜಿ ಹೆಸರು ಸುಲೋಚನಾ." ಹುಡುಗ ನಾಚಿಕೊಂಡ. "ಆ ಕ್ವೆಶ್ಚನ್‌ಗೆ ಆನ್ಸರ್ ಏನು? ದೊಡ್ಡದು ಯಾಕೆ ಒಡೆಯತ್ತೆ?"

ಅನು ಡಬ್ಬ ಪಕ್ಕಕ್ಕಿಟ್ಟು, ಎರಡೂ ಕೈ ಬಿಚ್ಚಿ, ಹೇಳಲು ಶುರು ಮಾಡಿದಳು. ಮಹದೇವ್ ಎಂಜಿನ್ ಆರಿಸಿ ನಿಂತ. ಅವಳ ದನಿ ಅದೇ ಆಗಿತ್ತು, ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಕೇಳಿಸುವ ದನಿ.

"ನೋಡು, ಹಿಡಿಯೋದು ಪಕ್ಕದವರನ್ನ ಮಾತ್ರ. ಎಷ್ಟೇ ದೊಡ್ಡ ಗುಂಪಾದ್ರೂ ಒಬ್ಬನಿಗೆ ಪಕ್ಕದವರು ಎಷ್ಟು ಜನ ಇರ್ತಾರೆ? ಇಷ್ಟೇ. ಆದ್ರೆ ತಳ್ಳೋದು ಹಂಗಲ್ಲ. ಈ ತುದಿಯವನು ಆ ತುದಿಯವನನ್ನೂ ತಳ್ತಾನೆ. ಎಲ್ಲರೂ ಎಲ್ಲರನ್ನೂ. ಗುಂಪು ದೊಡ್ಡದಾದಷ್ಟೂ ಹಿಡಿತ ಅಷ್ಟೇ ಇರತ್ತೆ, ತಳ್ಳಾಟ ಮಾತ್ರ ಬೆಳೀತಾ ಹೋಗತ್ತೆ. ಒಂದಿನ..."

ಮಹದೇವ್ ಇನ್ನಷ್ಟು ಚೆನ್ನಾಗಿ ಕೇಳಿಸಲಿ ಎಂದು ಎರಡು ಹೆಜ್ಜೆ ಹತ್ತಿರ ಬಂದ.

ಅನು ಅವನನ್ನು ನೋಡಿದಳು. ಮಾತು ನಿಲ್ಲಿಸಿದಳು. ಕೈ ಮಡಿಸಿಕೊಂಡಳು.

"ಒಂದಿನ?" ಎಂದ ಅನಿಕೇತ್.

"ಇನ್ನೊಂದ್ಸಲ ಹೇಳ್ತೀನಿ," ಎಂದು ಎದ್ದಳು.

ದಾರಿಯಲ್ಲಿ ಹಾವನೂರು ಸರ್ಕಲ್ ದಾಟಿದ ಮೇಲೆ ಮಹದೇವ್ ಮುಂದೆ ನೋಡಿಕೊಂಡೇ ಕೇಳಿದ, "ಒಂದಿನ ಏನಾಗತ್ತಮ್ಮ, ಆ ದೊಡ್ಡ ಪರಮಾಣು?"

"ಪುಸ್ತಕದಲ್ಲಿದೆ," ಎಂದಳು ಅನು. "ಓದ್ಕೋ."

ಸೋಮವಾರ ಸಂಜೆ ಅವಳು ಶಾಲೆಯ ಬ್ಯಾಗ್ ಹಿಡಿದು ನೇರ ಒಳಗೆ ಹೋದಳು. ಅದರ ಮಾರನೆಯ ದಿನವೂ. ಅಪ್ಪ ಎಂದು ಕರೆದರೆ ಓಗೊಡುತ್ತಿದ್ದಳು, ಕಾಫಿ ತಂದುಕೊಡುತ್ತಿದ್ದಳು, ಬೈಯಲಿಲ್ಲ, ಅಳಲಿಲ್ಲ. ಪಾಠ ಮಾತ್ರ ಹೇಳಲಿಲ್ಲ. "ಏನೋ ಇದು, ಮೆಟ್ಟಿಲ ಮೇಲೆ ಸದ್ದೇ ಇಲ್ವಲ್ಲೋ," ಎಂದು ಪಟಾಲಮ್ಮ ಕೇಳಿದರು. "ಪರೀಕ್ಷೆ ಹತ್ರ ಬಂತು ಕಣಮ್ಮ," ಎಂದ ಮಹದೇವ್.

ಒಂದು ಭಾನುವಾರ ಅನು ಸ್ನೇಹಿತೆಯ ಮನೆಗೆ ಹೋಗಿದ್ದಾಗ ಅವನು ಅವಳ ವಿಜ್ಞಾನದ ಪುಸ್ತಕ ತೆಗೆದುಕೊಂಡು ಅಂಗಡಿಯಲ್ಲಿ ಕೂತ. ಅಕ್ಷರಗಳ ಜೊತೆ ಆಯುಸ್ಸು ಕಳೆದವನು. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಬೆರಳಿಟ್ಟು, ಒಂದು ಸಾಲೂ ಬಿಡದೆ ನೋಡಿದ. ಒಂಬತ್ತನೇ ಕ್ಲಾಸಿನ ಹಳೆಯ ಪುಸ್ತಕವನ್ನೂ ಹುಡುಕಿ ತೆಗೆದು ನೋಡಿದ. ಎಲೆಕ್ಟ್ರಾನ್ ಇತ್ತು, ಪ್ರೋಟಾನ್ ಇತ್ತು, ಪ್ಲಸ್ಸು ಮೈನಸ್ಸು ಎಳೆಯುವುದೂ ಇತ್ತು. ದೊಡ್ಡದು ಯಾಕೆ ಒಡೆಯುತ್ತದೆ ಎಂಬುದು ಎಲ್ಲೂ ಇರಲಿಲ್ಲ. ಅದು ಪುಸ್ತಕದ್ದಲ್ಲ. ಅವಳೇ ಲೈಬ್ರರಿಯಲ್ಲಿ ಕೂತು, ತಲೆ ಕೆರೆದುಕೊಂಡು, ಅಪ್ಪನಿಗೆ ಹೇಳಬೇಕೆಂದು ಹುಡುಕಿ ತಂದದ್ದು.